ಹಲೋಮಾಮನ ಸ್ವಂತ ವಿನ್ಯಾಸ

ಮಾತಾಡುವುದಕ್ಕೆಂದು ಸರ್ಕಾರದಿಂದ ಲೈಸೆನ್ಸು ಪಡೆದು, ಹನ್ನೊಂದು ವರ್ಷ ಬಿಡದೆ ಮಾತಾಡಿ, ಒಬ್ಬರಿಂದಲೂ ಉತ್ತರ ಬಾರದೆ ಹೋದವರು ನಮ್ಮ ಹಲೋಮಾಮ ಒಬ್ಬರೇ ಇರಬೇಕು. ಲೈಸೆನ್ಸಿಲ್ಲದೆ ಮಾತಾಡಿ ಉತ್ತರ ಪಡೆಯದ ಗಂಡಸರು ಅವರ ಬೀದಿಯಲ್ಲಿ ಮನೆಗೊಬ್ಬರಿದ್ದರು. ಅವರು ಅದನ್ನು ಸಂಸಾರ ಎಂದುಕೊಂಡು ಸುಮ್ಮನಿದ್ದರು. ಮಾಮನದು ಹಾಗಲ್ಲ, ಹವ್ಯಾಸ.

ಅವರು ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಘದ ಸದಸ್ಯರು. ಮನೆಯಲ್ಲೊಂದು ಸೆಟ್ಟು, ತಾರಸಿಯ ಮೇಲೊಂದು ತಂತಿ, ಕೈಯಲ್ಲೊಂದು ಮೈಕು, ಇಷ್ಟಿದ್ದರೆ ಸಮುದ್ರದಾಚೆಯವರ ಜೊತೆ ಹರಟಬಹುದು ಎಂದು ನಂಬಿದವರ ಸಂಘ ಅದು. ಬೇರೆ ಸದಸ್ಯರು ಹರಟುತ್ತಲೂ ಇದ್ದರು. ಮಾಮನ ದನಿ ಮಾತ್ರ ಎದುರುಮನೆಯ ಟೀಚರಮ್ಮನ ಟೀವಿಯಿಂದಾಚೆ ಹೋಗಿರಲಿಲ್ಲ. ಅಲ್ಲಿ ಅದು ಬಹಳ ಸ್ಪಷ್ಟವಾಗಿ ಕೇಳಿಸುತ್ತಿತ್ತು. ವಾರ್ತೆ ಓದುವಾಕೆ ಗಂಭೀರವಾಗಿ ಬಾಯಿ ತೆರೆದರೆ ಒಳಗಿನಿಂದ ಗಂಡುದನಿಯಲ್ಲಿ "ಹಲೋ, ಹಲೋ" ಹೊರಡುತ್ತಿತ್ತು. ಹಲೋಮಾಮ ಎಂಬ ಹೆಸರು ಬಂದದ್ದು ಹಾಗೆ. ನಿವೃತ್ತ ಮುಖ್ಯೋಪಾಧ್ಯಾಯಿನಿಯಾದ ಟೀಚರಮ್ಮ ಇಟ್ಟ ಹೆಸರನ್ನು ತಿದ್ದುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ, ಸ್ವತಃ ಮಾಮನಿಗೂ.

ಹಗಲು ಹೊತ್ತು ಮಾಮ ತೂಕ ಮತ್ತು ಅಳತೆ ಕಚೇರಿಯ ಗುಮಾಸ್ತರು. ಅಂಗಡಿಯವರ ತೂಕದ ಬಟ್ಟು, ಅಳತೆಯ ಕೋಲು ಸರಿಯಿದೆಯೇ ನೋಡಿ ಮುದ್ರೆ ಒತ್ತುವುದು ಅವರ ಕೆಲಸ. ಸಂಜೆ ಐದಕ್ಕೆ ಮುದ್ರೆ ಕೆಳಗಿಟ್ಟರೆಂದರೆ ಯಾರು ಕರೆದರೂ ನಿಲ್ಲುತ್ತಿರಲಿಲ್ಲ. ಏಕೆಂದರೆ ಐದೂವರೆಗೆ ತಾರಸಿಯ ಕೋಣೆಯಲ್ಲಿ, ಉಸ್ ಎನ್ನುವ ಸದ್ದಿನ ಆಚೆಯಿಂದ, ಒಬ್ಬ ಹೆಂಗಸು ಮಾತಾಡುತ್ತಿದ್ದಳು.

ಎಲ್ಲೋ ನಡುಸಮುದ್ರದ ದ್ವೀಪವೊಂದರಲ್ಲಿ ಹವಾಮಾನ ಕೇಂದ್ರ. ಅಲ್ಲಿ ಈಕೆ ಒಬ್ಬಳೇ. "ಇಲ್ಲಿ ಗಾಳಿ ಪಶ್ಚಿಮದಿಂದ. ಮಂಜು. ಹಕ್ಕಿಗಳು ಬಂಡೆ ಮೇಲೆ ಕೂತಿವೆ. ಯಾರಾದ್ರೂ ಕೇಳ್ತಿದ್ದೀರಾ?" ಎನ್ನುತ್ತಿದ್ದಳು.

"ಕೇಳ್ತಿದೀನಿ! ಮೇಡಂ, ನಾನು ಕೇಳ್ತಿದೀನಿ!" ಎಂದು ಮಾಮ ಮೈಕಿಗೆ ಕೂಗುತ್ತಿದ್ದರು. ಎದುರುಮನೆಯಲ್ಲಿ ಟೀಚರಮ್ಮ ಟೀವಿಯ ತಲೆಗೆ ಒಂದೇಟು ಕೊಡುತ್ತಿದ್ದರು. ದ್ವೀಪದಾಕೆ ಒಂದು ನಿಮಿಷ ಕಾಯುತ್ತಿದ್ದಳು. ಆಮೇಲೆ, "ಯಾರೂ ಇಲ್ಲ. ಸರಿ, ನಾಳೆ ನೋಡೋಣ" ಎಂದು ಹೊರಟುಹೋಗುತ್ತಿದ್ದಳು.

ಹೀಗೆ ಮೂರು ವರ್ಷ. ತಾನು ಇಲ್ಲ ಎಂದು ಒಬ್ಬರು ದಿನವೂ ತೀರ್ಮಾನ ಮಾಡುವುದು, ತಾನು ಇದ್ದೂ ಅದನ್ನು ಕೇಳಿಸಿಕೊಳ್ಳುವುದು, ಇದು ಯಾವ ಮನುಷ್ಯನಿಗೂ ಹಿತವಾದ ವಿಷಯವಲ್ಲ.

ಒಂದು ಮಂಗಳವಾರ ಬಟ್ಟೆ ಒಣಹಾಕುವ ಹಗ್ಗ ಹರಿದುಬಿತ್ತು. ಮಾಮನ ಹೆಂಡತಿ ಅತ್ತಿತ್ತ ನೋಡಿದರು. ತಲೆಯ ಮೇಲೆ, ಹನ್ನೊಂದು ವರ್ಷದಿಂದ ಯಾವ ಉಪಯೋಗಕ್ಕೂ ಬಾರದೆ, ಪ್ಲಾಸ್ಟಿಕ್ ಹೊದ್ದ ಗಟ್ಟಿ ತಂತಿಯೊಂದು ಈ ಕಂಬದಿಂದ ಆ ಕಂಬಕ್ಕೆ ಎಳೆದು ಕಟ್ಟಿತ್ತು. ಎರಡು ಬೆಡ್‌ಶೀಟು, ನಾಲ್ಕು ಅಂಗಿ, ಮೂರು ಟವೆಲ್ಲುಗಳನ್ನು ಹಿಂಡಿ ಅದರ ಮೇಲೆ ಹಾಕಿ ಕ್ಲಿಪ್ಪು ಸಿಕ್ಕಿಸಿ ಅವರು ಕೆಳಗಿಳಿದರು.

ಐದೂ ಇಪ್ಪತ್ತೊಂಬತ್ತಕ್ಕೆ ಏದುಸಿರು ಬಿಡುತ್ತ ಮೇಲೆ ಬಂದ ಮಾಮ ತಂತಿಯ ಮೇಲಿನ ಬಟ್ಟೆ ನೋಡಿದರು. ತಂತಿಯ ಮಾನ ಹೋಗಿತ್ತು. ಆದರೆ ಜಗಳಕ್ಕೆ ಸಮಯವಿರಲಿಲ್ಲ. ಕೋಣೆಗೆ ನುಗ್ಗಿ ಸೆಟ್ಟು ಹಾಕಿದರು.

"...ಯಾರಾದ್ರೂ ಕೇಳ್ತಿದ್ದೀರಾ?"

"ಕೇಳ್ತಿದೀನಿ ಮೇಡಂ. ಓವರ್."

ಉಸ್ ಎನ್ನುವ ಸದ್ದು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಬಹಳ ಮೆಲ್ಲಗೆ, "ಯಾರದು?" ಎಂಬ ದನಿ ಬಂತು.

ಇಂಥ ದಿನ ಬಂದರೆ ಏನು ಹೇಳಬೇಕೆಂದು ಮಾಮ ಎರಡು ಪುಟ ಬರೆದು ಗೋಡೆಗೆ ಅಂಟಿಸಿಕೊಂಡಿದ್ದರು. ಈಗ ಆ ಗೋಡೆ ಯಾವ ಕಡೆಯಿದೆ ಎಂಬುದೇ ಮರೆತುಹೋಯಿತು. "ನಾನು" ಎಂದರು.

"ನಾನು ಅಂದ್ರೆ ಯಾರು?"

"ಹಲೋಮಾಮ."

ಸಮುದ್ರದಾಚೆ ಆಕೆ ನಕ್ಕಳು. ನಗು ಇಲ್ಲಿಗೆ ಬರುವಷ್ಟರಲ್ಲಿ ಸ್ವಲ್ಪ ತೆಳುವಾಗಿತ್ತು, ಆದರೂ ನಗುವೇ. "ನನಗೆ ಉತ್ತರ ಕೊಟ್ಟವರು ನೀವೇ ಮೊದಲು. ಅಲ್ಲಿ ಹೇಗಿದೆ ಹೇಳಿ."

ಮಾಮ ಕಿಟಕಿಯಾಚೆ ನೋಡಿದರು. ಬಿಸಿಲು ಇಳಿಯುತ್ತಿತ್ತು. ಬೆಡ್‌ಶೀಟುಗಳು ಗಾಳಿ ತುಂಬಿಕೊಂಡು ಉಬ್ಬಿ, ಇನ್ನೇನು ತಾರಸಿಯನ್ನೇ ಎತ್ತಿಕೊಂಡು ಹೊರಡುತ್ತವೇನೋ ಎಂಬಂತಿದ್ದವು. "ಬಿಸಿಲು ತಣ್ಣಗಾಗ್ತಿದೆ. ಎದುರಿಗೆ ಏನೋ ಬೆಳ್ಳಗೆ ಹಾರಾಡ್ತಿದೆ" ಎಂದರು.

"ಹಕ್ಕೀನಾ?"

ಹನ್ನೊಂದು ವರ್ಷ ಕಾದು ಮೊದಲ ಸಲ ಮಾತಿಗೆ ಸಿಕ್ಕ ಹೆಂಗಸಿಗೆ ಬೆಡ್‌ಶೀಟಿನ ಸಂಗತಿ ಹೇಳುವುದೆಂದರೇನು? "ಹೌದು, ಹಕ್ಕಿ. ದೊಡ್ಡವು. ಎರಡಿವೆ" ಎಂದುಬಿಟ್ಟರು.

ಆ ಸಂಜೆ ಮಾಮ ಮೆಟ್ಟಿಲಿಳಿದು ಬಂದಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅಷ್ಟೂ ತನ್ನ ಸಾಮರ್ಥ್ಯ ಎಂದೇ ಅವರು ನಂಬಿದ್ದರು. ಬುಧವಾರ ಮತ್ತೆ ಕರೆದರು, ಆಕೆಗೆ ಕೇಳಿಸಲಿಲ್ಲ. ಗುರುವಾರವೂ ಇಲ್ಲ. ಶನಿವಾರ ಸಿಕ್ಕಳು. ಮಾಮ ಮೈಕಿನ ಕೋನ ಬದಲಿಸಿದರು, ಕುರ್ಚಿ ತಿರುಗಿಸಿದರು, ದನಿಗೆ ಒಳ್ಳೆಯದೆಂದು ಮೂರು ವಾರ ಬಿಸಿನೀರು ಕುಡಿದರು. ಹೆಂಡತಿಗೆ ಮೂರು ನಿಮಿಷ ಸಾಕಾಯಿತು.

"ರೀ, ಮಂಗಳವಾರ, ಶನಿವಾರ ನಾನು ಬಟ್ಟೆ ಒಗೆಯೋ ದಿನ. ನಿಮ್ಮ ಬಿಸಿನೀರಲ್ಲ ಮಾತಾಡಿದ್ದು, ನನ್ನ ಬೆಡ್‌ಶೀಟು."

"ವಿಜ್ಞಾನ ನಿನಗೆ ಅರ್ಥ ಆಗಲ್ಲ ಕಣೇ."

"ಸರಿ ಬಿಡಿ. ನಾಳೆ ಭಾನುವಾರ, ಒಗೆಯಲ್ಲ. ವಿಜ್ಞಾನಾನೇ ಹಾಕಿಕೊಂಡು ಮಾತಾಡಿ."

ಭಾನುವಾರ ವಿಜ್ಞಾನ ಕೈಕೊಟ್ಟಿತು. ಸೋಮವಾರ ಮಾಮ ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು, ಬೀರುವಿನಿಂದ ಒಗೆದಿಟ್ಟ ಬೆಡ್‌ಶೀಟು ತೆಗೆದು ಬಕೆಟ್ಟಿಗೆ ಹಾಕಿದರು.

ಅಂದಿನಿಂದ ಆ ಮನೆಯಲ್ಲಿ ಬಟ್ಟೆ ಕೊಳೆಯಾಗುವ ಮೊದಲೇ ಒಗೆಯಲ್ಪಡುತ್ತಿತ್ತು. ಯಾವ ಬಟ್ಟೆ ಎಲ್ಲಿ ಹಾಕಿದರೆ ದನಿ ಚೆನ್ನಾಗಿ ಹೋಗುತ್ತದೆ ಎಂದು ಮಾಮ ಲೆಕ್ಕ ಹಾಕಿದರು. ನಡುವೆ ಬೆಡ್‌ಶೀಟು, ತುದಿಗೆ ಟವೆಲ್ಲು. ಟೀಚರಮ್ಮನ ಬೂದುಬಣ್ಣದ ದಪ್ಪ ಕಂಬಳಿಗೆ ಸಮ ಯಾವುದೂ ಇಲ್ಲ. ಟೀಚರಮ್ಮ ಮೊದಲು ಹುಬ್ಬು ಗಂಟಿಕ್ಕಿದರು. ಆದರೆ ಕಂಬಳಿ ಬಿದ್ದ ದಿನ ಮಾಮನ ದನಿ ಟೀವಿಯೊಳಗೆ ಬಾರದೆ ನೇರ ಸಮುದ್ರಕ್ಕೇ ಹೋಗುತ್ತದೆಂದು ಗೊತ್ತಾದ ಮೇಲೆ ತಾವೇ ನೆನೆಸಿ ಹೊತ್ತು ತರತೊಡಗಿದರು.

ದ್ವೀಪದಾಕೆ ದಿನವೂ ಹಕ್ಕಿಗಳನ್ನು ವಿಚಾರಿಸುತ್ತಿದ್ದಳು. ಮಾಮ ಕಿಟಕಿಯಾಚೆ ನೋಡಿ ಹೇಳುತ್ತಿದ್ದರು. ಬಿಳಿಯ ಜೋಡಿ ಇವತ್ತು ಬಹಳ ಚುರುಕು. ಚಿಕ್ಕ ನೀಲಿಯವು ನಾಲ್ಕು ಬಂದಿವೆ. ಬೂದುಬಣ್ಣದ್ದೊಂದಿದೆ, ಹಾರುವುದೇ ಇಲ್ಲ, ಸುಮ್ಮನೆ ತೂಗಾಡುತ್ತದೆ. "ವಯಸ್ಸಾಗಿರಬೇಕು ಪಾಪ" ಎನ್ನುತ್ತಿದ್ದಳು ಆಕೆ. ಹೀಗೆ ಹೇಳುತ್ತ ಹೇಳುತ್ತ ಮಾಮನಿಗೂ ಸಂಜೆಯ ಆ ಹತ್ತು ನಿಮಿಷ ಅವು ಹಕ್ಕಿಗಳಾಗಿಯೇ ಕಾಣತೊಡಗಿದ್ದವು.

ಎಲ್ಲ ಹೀಗೇ ತಣ್ಣಗಿರುತ್ತಿತ್ತೇನೋ. ಆದರೆ ಈ ಹವ್ಯಾಸದವರಲ್ಲಿ ಒಂದು ಪದ್ಧತಿಯಿದೆ. ಮಾತಾಡಿದ್ದು ನಿಜ ಎಂಬುದಕ್ಕೆ ಸಾಕ್ಷಿಯಾಗಿ ಒಬ್ಬರಿಗೊಬ್ಬರು ಕಾರ್ಡು ಕಳಿಸುತ್ತಾರೆ, ಹೊರಗಿನ ಕಾರ್ಡೆಲ್ಲ ರಾಷ್ಟ್ರೀಯ ಸಂಘದ ಮೂಲಕವೇ ಬರುತ್ತದೆ. ದ್ವೀಪದಾಕೆಯ ಕಾರ್ಡು ನೋಡಿ ಸಂಘದ ಕಾರ್ಯದರ್ಶಿ ಕುರ್ಚಿಯಿಂದೆದ್ದರಂತೆ. ಆ ದ್ವೀಪ ಈವರೆಗೆ ಸಂಘದ ಯಾರಿಗೂ ಸಿಕ್ಕಿರಲಿಲ್ಲ. ಕೂಡಲೆ ಮಾಮನಿಗೊಂದು ಫಾರಂ ಬಂತು. ಅದರಲ್ಲೊಂದು ಖಾನೆ: "ಆಂಟೆನಾ ಯಾರ ವಿನ್ಯಾಸ?"

"ನನ್ನ ಹೆಸರು ಹಾಕಿ" ಎಂದರು ಹೆಂಡತಿ.

ಖಾನೆ ಚಿಕ್ಕದಿತ್ತು. ಸತ್ಯಕ್ಕೆ ಅದರಲ್ಲಿ ಜಾಗ ಸಾಲುತ್ತಿರಲಿಲ್ಲ. ಮಾಮ "ಸ್ವಂತ" ಎಂದು ಎರಡಕ್ಷರ ಬರೆದರು.

ಆ ಎರಡಕ್ಷರ ಸಾಕಾಯಿತು. ಸಂಘದ ಪತ್ರಿಕೆ ನಕ್ಷೆ ಕೇಳಿತು. ಮಾಮ ಮೂರು ದಿನ ಯೋಚಿಸಿ ಒಂದು ಗೆರೆ ಎಳೆದು, ಅದರ ಕೆಳಗೆ ಅಳತೆ ಸಮೇತ ಆಯತಗಳನ್ನು ತೂಗುಹಾಕಿ, "ತೂಗುಫಲಕ" ಎಂದು ಬರೆದು ಕಳಿಸಿದರು. ಯಾವುದರ ಫಲಕ ಎಂದು ಬರೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಕೇಳಿದರೆ ತಾನು ದಡ್ಡ ಎಂದಾಗುತ್ತದಲ್ಲ! ದೇಶದ ಉದ್ದಗಲಕ್ಕೂ ಸದಸ್ಯರು ತಂತಿಗೆ ತಗಡು ನೇತುಹಾಕಿದರು. ತಗಡು ಗಾಳಿಗೆ ಬಡಿದುಕೊಳ್ಳುವ ಸದ್ದಿಗೆ ನೆರೆಹೊರೆಯವರು ಪೊಲೀಸರಿಗೆ ದೂರಿತ್ತರು. ಒಬ್ಬರ ಅಡುಗೆಮನೆಯ ಮೇಲೆ ತಗಡು ಬಿದ್ದು ಹಂಚು ಒಡೆಯಿತು. ಆದರೂ ಪತ್ರಿಕೆಗೆ ಬಂದ ಕಾಗದಗಳಲ್ಲಿ ಹೊಗಳಿಕೆ ಬಿಟ್ಟು ಬೇರೇನಿಲ್ಲ. "ತೂಗುಫಲಕ ಹಾಕಿದ ದಿನದಿಂದ ಮೂರು ಖಂಡಗಳು ನನಗೆ ಪಕ್ಕದ ಮನೆಯಂತೆ ಕೇಳಿಸುತ್ತಿವೆ" ಎಂದು ಹಂಚು ಒಡೆದವರೇ ಬರೆದಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ವಿಜ್ಞಾನಿಗಳಲ್ಲೂ ಇರುತ್ತಾರೆ.

ಕೊನೆಗೆ ಕಾರ್ಯದರ್ಶಿಯ ಫೋನು ಬಂತು. ಅಧ್ಯಕ್ಷರು, ಸಂಘದ ಎಂಜಿನಿಯರು, ತಾವು, ಮೂವರೂ ಬರುವ ಭಾನುವಾರ ಐದು ಗಂಟೆಗೆ ಬಂದು ಆಂಟೆನಾ ನೋಡಿ ವರ್ಷದ ಪ್ರಶಸ್ತಿ ಫಲಕ ಕೊಡುತ್ತಾರೆ ಎಂದರು.

ಅದೇ ಸಂಜೆ ದ್ವೀಪದಾಕೆ ಹೇಳಿದಳು: "ಇಲ್ಲಿಗೊಂದು ಯಂತ್ರ ಬಂದಿದೆ ಹಲೋಮಾಮ. ಗಾಳಿ, ಮಳೆ ಎಲ್ಲಾ ಅದೇ ಅಳೆಯುತ್ತಂತೆ, ಅದೇ ಕಳಿಸುತ್ತಂತೆ. ಭಾನುವಾರ ರಾತ್ರಿ ದೋಣಿ ಬರುತ್ತೆ. ಐದೂವರೆಗೆ ಕೊನೇ ಸಲ ಮಾತಾಡೋಣ. ಆಮೇಲೆ ಎಲ್ಲಿರ್ತೀನೋ, ಸೆಟ್ಟಂತೂ ಇರಲ್ಲ."

ಮಾಮ ಅಡಕತ್ತರಿಯಲ್ಲಿ ಸಿಕ್ಕಿಕೊಂಡರು. ಬಟ್ಟೆ ಹಾಕಿದರೆ ಸಂಘದೆದುರು ಮಾನ ಹೋಗುತ್ತದೆ. ಹಾಕದಿದ್ದರೆ ಅತ್ತ ಆಕೆ "ಯಾರೂ ಇಲ್ಲ" ಎಂದುಕೊಂಡು ದೋಣಿ ಹತ್ತುತ್ತಾಳೆ. ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ಉಪಾಯ ಹೊಳೆಯಿತು. ಬಡಗಿಯ ಹತ್ತಿರ ಪ್ಲೈವುಡ್ ಫಲಕ ಮಾಡಿಸಿ ಬಿಳಿ ಬಣ್ಣ ಬಳಿದು ನೇತುಹಾಕುವುದು. "ಐದಕ್ಕೆ ಬರ್ತಾರೆ, ಐದೂಕಾಲಿಗೆ ಕಳಿಸಿಬಿಡೋಣ, ಐದೂವರೆಗೆ ಬಟ್ಟೆ ಹಾಕೋಣ. ಅಲ್ಲೀವರೆಗೆ ಮನೇಲಿ ಒಂದು ಒದ್ದೆ ಕರ್ಚೀಫೂ ಕಾಣಬಾರದು" ಎಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದರು. ಹೆಂಡತಿ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದರು. ಮನೆಯ ಬಟ್ಟೆಯಷ್ಟನ್ನೂ ಒಣಗಿಸಿ ಇಸ್ತ್ರಿ ಹಾಕಿ ಬೀರುವಿನಲ್ಲಿಟ್ಟರು.

ಭಾನುವಾರ ಗಣ್ಯರು ಐದೂ ಹತ್ತಕ್ಕೆ ಬಂದರು. ಅಧ್ಯಕ್ಷರು ಸ್ಥೂಲ ಮನುಷ್ಯ; ಎದೆಯ ಮೇಲೆ ಸಂಘದ ಲಾಂಛನ ಹೊಲಿದ ಉಣ್ಣೆಯ ಕೋಟು. ಒಬ್ಬರು "ಓವರ್" ಎನ್ನುವವರೆಗೆ ಇನ್ನೊಬ್ಬರು ಬಾಯಿ ತೆರೆಯಬಾರದೆಂಬ ರೇಡಿಯೋ ನಿಯಮವನ್ನು ಅವರು ಎದುರುಬದುರು ಕೂತಾಗಲೂ ಪಾಲಿಸುತ್ತಿದ್ದರು. ತಾರಸಿಯ ಮೇಲೆ ಕುರ್ಚಿ ಹಾಕಿದ್ದೇ ತಡ, ಸಂಘ ಹುಟ್ಟಿದ ಕಥೆ ಶುರುಮಾಡಿದರು.

"ಟೀ ಆರ್ತಿದೆ" ಎಂದರು ಮಾಮನ ಹೆಂಡತಿ.

ಕಾರ್ಯದರ್ಶಿ ಬೆಚ್ಚಿದರು. "ಅಮ್ಮಾ, ಅವರಿನ್ನೂ ಓವರ್ ಅಂದಿಲ್ಲ!"

"ಅವರು ಅನ್ನೋ ಹೊತ್ತಿಗೆ ಕೆನೆ ಕಟ್ಟಿರುತ್ತೆ. ಕುಡಿದು ಮುಂದುವರಿಸಲಿ."

ಗಡಿಯಾರ ಐದೂ ಇಪ್ಪತ್ತು ತೋರಿಸಿತು. ಮಾಮ ಕುರ್ಚಿಯ ತುದಿಗೆ ಬಂದರು. ಅಷ್ಟರಲ್ಲಿ ಮಾತು ಕಡಿಮೆಯ, ಕನ್ನಡಕದ ಎಂಜಿನಿಯರು ಅಳತೆಯ ಟೇಪು ತೆಗೆದು ತಂತಿ ಅಳೆದಾಗಿತ್ತು. ಇನ್ನೊಮ್ಮೆ ಅಳೆದರು.

"ಸಾರ್, ಈ ತಂತಿ ಒಂದು ಮೊಳದಷ್ಟು ಗಿಡ್ಡ ಇದೆ. ಇದರಲ್ಲಿ ಪಕ್ಕದ ಬೀದಿಗೂ ಮಾತು ಹೋಗಲ್ಲ. ಯಾವ ಕೋಲಲ್ಲಿ ಅಳೆದ್ರಿ?"

ಮಾಮ ಮೂಲೆಗೆ ಕೈತೋರಿಸಿದರು. ಕಚೇರಿಯ ಉಗ್ರಾಣದಿಂದ ಹಿಂದೆಂದೋ ತಂದ ಮೀಟರು ಕೋಲು ಅಲ್ಲಿತ್ತು. ಎಂಜಿನಿಯರು ಅದನ್ನು ತಿರುಗಿಸಿದರು. ಹಿಂಭಾಗದಲ್ಲಿ ಹಳದಿಗಟ್ಟಿದ ಚೀಟಿ: "ಬಟ್ಟೆ ವ್ಯಾಪಾರಿಯಿಂದ ವಶ. ಗಿಡ್ಡ ಕೋಲು. ಬಳಸತಕ್ಕದ್ದಲ್ಲ." ಅಕ್ಷರ ಮಾಮನದೇ, ಮುದ್ರೆಯೂ ಅವರದೇ. ದೀಪದ ಬುಡದಲ್ಲೇ ಕತ್ತಲು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ. ಕೆಳಗೆ ಬೀದಿಯಲ್ಲಿ ಕತ್ತೆತ್ತಿ ನೋಡುತ್ತಿದ್ದ ನೆರೆಯವರಲ್ಲಿ ಕಿಸಕ್ಕೆಂಬ ಸದ್ದು ಹೊರಟಿತು.

"ಹಾಗಾದರೆ ದ್ವೀಪ ಹೇಗೆ ಸಿಕ್ತು? ಓವರ್" ಎಂದರು ಅಧ್ಯಕ್ಷರು.

ಮಾಮ ಬಾಯಿ ತೆರೆಯುವ ಮೊದಲೇ ಕೋಣೆಯಿಂದ ದನಿ ಬಂತು. ಐದೂವರೆ ಆಗಿತ್ತು.

"ಹಲೋಮಾಮ, ಇದ್ದೀರಾ? ಇಲ್ಲಿ ಮಂಜು ಸರಿದಿದೆ. ಪೆಟ್ಟಿಗೆ ಕಟ್ಟಿ ಆಯ್ತು."

ಮಾಮ ಓಡಿಹೋಗಿ ಮೈಕು ಹಿಡಿದರು. "ಇದೀನಿ ಮೇಡಂ! ಇದೀನಿ!"

"ಹಲೋಮಾಮ? ಕೇಳಿಸ್ತಿಲ್ಲ." ಸ್ವಲ್ಪ ಹೊತ್ತು ಬರಿಯ ಉಸ್. "ಕೊನೇ ದಿನ ಇರ್ತೀರಿ ಅಂದ್ಕೊಂಡಿದ್ದೆ. ಒಂದೈದು ನಿಮಿಷ ಕಾಯ್ತೀನಿ."

ಮಾಮ ಕೋಣೆಯಿಂದ ಹೊರಬಂದರು. ಅವರ ಮುಖದಲ್ಲಿ ಈಗ ಮಾನವೂ ಇರಲಿಲ್ಲ, ಅವಮಾನವೂ ಇರಲಿಲ್ಲ. ಪ್ಲೈವುಡ್ ಫಲಕಗಳನ್ನು ಕಿತ್ತು ಎಸೆದು, ಬೀದಿಗೇ ಕೇಳುವಂತೆ ಕೂಗಿದರು: "ಲೇ, ಬೆಡ್‌ಶೀಟು ತಗೊಂಡು ಬಾರೇ! ಒದ್ದೇದು!"

"ಒದ್ದೆ ಎಲ್ಲಿದೆ ರೀ? ಎಲ್ಲಾ ಇಸ್ತ್ರಿ ಮಾಡಿಟ್ಟಿದೀನಿ, ನೀವೇ ಅಲ್ವಾ ಹೇಳಿದ್ದು!"

"ನೆನೆಸು! ಸಿಕ್ಕಿದ್ದೆಲ್ಲ ನೆನೆಸು!" ಎಂದು ಅಧ್ಯಕ್ಷರ ಕಡೆ ತಿರುಗಿದರು. "ಸಾರ್, ತೂಗುಫಲಕ ಅಂತ ಏನೂ ಇಲ್ಲ. ಅದು ನನ್ನ ಹೆಂಡತಿ ಒಣಹಾಕಿದ ಬಟ್ಟೆ. ವಿನ್ಯಾಸಾನೂ ಅವಳದೇ. ಬೈಯೋದಿದ್ರೆ ಐದು ನಿಮಿಷ ಬಿಟ್ಟು ಬೈರಿ. ಓವರ್."

ಎಂಜಿನಿಯರರ ಕನ್ನಡಕದ ಹಿಂದೆ ಕಣ್ಣು ಅರಳಿತು. "ಒದ್ದೆ ಬಟ್ಟೆ ಗಿಡ್ಡ ತಂತೀನ ಉದ್ದ ಇದ್ದ ಹಾಗೆ ಮಾಡುತ್ತೆ! ಸರಿಹೋಯ್ತು, ಸರಿಹೋಯ್ತು!" ಎನ್ನುತ್ತ ಅವರೇ ಬಕೆಟ್ಟಿಗೆ ಕೈಹಾಕಿದರು. ಗರಿಗರಿ ಇಸ್ತ್ರಿಯ ಬೆಡ್‌ಶೀಟುಗಳು ನೀರಿಗೆ ಬಿದ್ದವು. ಟೀಚರಮ್ಮ ರಸ್ತೆ ದಾಟಿ ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ನಿಮಿಷ ಕಳೆದಿತ್ತು. ಕಂಬಳಿ ಅವರೂ ಒಣಗಿಸಿಟ್ಟಿದ್ದರು, ಅದು ನೀರು ಹೀರುವುದಕ್ಕೆ ಇನ್ನೊಂದು ನಿಮಿಷ. "ಇನ್ನೂ ಭಾರ ಬೇಕು, ಉಣ್ಣೇದು ಏನಾದ್ರೂ!" ಎಂದು ಎಂಜಿನಿಯರು ಕೂಗಿದರು. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಅಧ್ಯಕ್ಷರು ಎದ್ದುನಿಂತು, ಒಂದು ಮಾತೂ ಆಡದೆ, ಓವರ್ ಎಂದೂ ಅನ್ನದೆ, ಲಾಂಛನದ ಕೋಟು ಬಿಚ್ಚಿ ಬಕೆಟ್ಟಿನಲ್ಲಿ ಅದ್ದಿದರು.

"...ಸರಿ ಹಾಗಾದ್ರೆ" ಎನ್ನುತ್ತಿತ್ತು ಸೆಟ್ಟು.

"ಮೇಡಂ! ಇದೀನಿ!"

"ಓ! ಬಂದ್ರಾ!" ದನಿ ಇಷ್ಟು ಹತ್ತಿರದಿಂದ ಹಿಂದೆಂದೂ ಬಂದಿರಲಿಲ್ಲ. "ಇಷ್ಟು ಚೆನ್ನಾಗಿ ಯಾವತ್ತೂ ಕೇಳಿಸಿರ್ಲಿಲ್ಲ. ಏನು ಮಾಡಿದ್ರಿ? ಹಕ್ಕಿಗಳು ಬಂದಿವೆಯಾ?"

"ಮೇಡಂ, ಅವು ಹಕ್ಕಿ ಅಲ್ಲ" ಎಂದರು ಮಾಮ. "ಬಟ್ಟೆ. ನಾನು ಸುಳ್ಳು ಹೇಳಿದ್ದೆ."

"ಬಟ್ಟೇನಾ? ಆ ಬಿಳೀ ಜೋಡಿ?"

"ಡಬಲ್ ಬೆಡ್‌ಶೀಟು."

"ನೀಲಿ ಚಿಕ್ಕವು?"

"ನನ್ನ ಆಫೀಸಿನ ಅಂಗಿ."

"ಆ ಬೂದುಬಣ್ಣದ್ದು? ವಯಸ್ಸಾದದ್ದು?"

"ಟೀಚರಮ್ಮನ ಕಂಬಳಿ" ಎಂದು ಮಾಮ ಪಿಸುಗುಟ್ಟಿದರು. ಬಾಗಿಲಲ್ಲಿ ನಿಂತಿದ್ದ ಟೀಚರಮ್ಮ ಮೂಗಿನ ಮೇಲೆ ಬೆರಳಿಟ್ಟರು.

"ಅಯ್ಯೋ, ಕೇಂದ್ರದ ರಿಜಿಸ್ಟರಲ್ಲಿ ಎಲ್ಲಾ ಬರೆದಿದೀನಲ್ಲ! ದಿನಾಂಕ ಹಾಕಿ ಬರೆದಿದೀನಿ!" ಎಂದ ದ್ವೀಪದಾಕೆ ನಗತೊಡಗಿದಳು. ಸಮುದ್ರದಾಚೆಯ ಆ ನಗು ಕೋಣೆ ತುಂಬಿ ತಾರಸಿಗೆ ಹರಿಯಿತು. ಅಧ್ಯಕ್ಷರು ಬರಿಯ ಅಂಗಿಯಲ್ಲಿ ಕೂತು ನಕ್ಕರು. "ಒಗೆದೋರು ಯಾರು? ಅವರಿದ್ರೆ ಸ್ವಲ್ಪ ಕೊಡಿ."

ಹೆಂಡತಿ ಒದ್ದೆ ಕೈಯಲ್ಲೇ ಮೈಕು ಹಿಡಿದರು. "ಹೇಳಿ ಅಕ್ಕಾ."

"ನಿಮ್ಮಲ್ಲಿ ಬಟ್ಟೆ ಬೇಗ ಒಣಗುತ್ತಾ? ಇಲ್ಲಿ ಮಂಜು. ಹದಿನೆಂಟು ವರ್ಷ ಆಯ್ತು, ಒಣಗಿದ ಬಟ್ಟೆ ಹಾಕ್ಕೊಂಡೇ ಇಲ್ಲ ನಾನು."

"ಅಯ್ಯೋ, ಮೈಮೇಲೇ ಹಾಕ್ಕೊಂಡು ಒಣಗಿಸ್ಕೊಳ್ಳೋದಾ? ಮೈಕೈ ನೋವು ಬರಲ್ವಾ?"

"ಬರುತ್ತೆ. ಕೇಳೋರು ಯಾರು?"

"ನಾನು ಕೇಳ್ತಿದೀನಲ್ಲ, ಹೇಳಿ."

ಎಂಜಿನಿಯರು ಗಂಟಲು ಸರಿಮಾಡಿಕೊಂಡರು. "ಲೈಸೆನ್ಸ್ ಇಲ್ಲದವರು ಮೈಕು ಹಿಡಿದರೆ ನಿಯಮದ ಪ್ರಕಾರ..."

"ನನಗೇನೂ ಕಾಣಿಸ್ತಿಲ್ಲ. ಬೆಡ್‌ಶೀಟು ಅಡ್ಡ ಬಂದಿದೆ" ಎಂದರು ಅಧ್ಯಕ್ಷರು.

ಸಂಜೆಯ ಗಾಳಿ ಜೋರಾಯಿತು. ಬಟ್ಟೆಗಳು ಬೇಗ ಒಣಗತೊಡಗಿದವು. ಒಣಗಿದಂತೆಲ್ಲ ದ್ವೀಪದ ಕಡೆಯಿಂದ "ಏನಂದ್ರಿ?" "ಮತ್ತೊಮ್ಮೆ ಹೇಳಿ" ಹೆಚ್ಚಾಯಿತು. ಮಾಮ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಮೈಕು ಕೇಳೋಣವೆಂದು ಕೈ ಚಾಚಿದವರು ಹಿಂದಕ್ಕೆ ತೆಗೆದರು. ಒಳಗೆ ಇಬ್ಬರು ಹೆಂಗಸರು ಸೋಪು, ಮೊಣಕಾಲು, ಒಂಟಿ ಮನೆಯ ಅಡುಗೆ ಎಂದು ಲೋಕಾಭಿರಾಮ ಮಾತಿಗೆ ಇಳಿದಿದ್ದರು. ಮಾಮ ಬಕೆಟ್ಟೆತ್ತಿಕೊಂಡು ತಂತಿಯ ಕೆಳಗೆ ಹೋಗಿ, ಚೊಂಬಿನಿಂದ ಮೊದಲು ಬೆಡ್‌ಶೀಟಿಗೆ, ಆಮೇಲೆ ಕಂಬಳಿಗೆ, ಆಮೇಲೆ ಕೋಟಿಗೆ ನೀರೆರಚಿದರು. ಕಾರ್ಯದರ್ಶಿ ಕೆಳಗಿನಿಂದ ನೀರು ತಂದುಕೊಟ್ಟರು. ನೀರೆಲ್ಲ ಮಾಮನ ತಲೆಯ ಮೇಲೇ ಇಳಿಯುತ್ತಿತ್ತು. ಬಿಸಿಲು ಪೂರ್ತಿ ಇಳಿದು, ಬಿಳಿಯ ಜೋಡಿ ಮಬ್ಬಿನಲ್ಲಿ ಮೆಲ್ಲಗೆ ಆಡುತ್ತಿತ್ತು. ಮಾಮನಿಗೆ ಅದು ಬೆಡ್‌ಶೀಟೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಹಾರಿಹೋಗದಿರಲಿ ಎನಿಸಿತು.

ಕಿಟಕಿಯಿಂದ ಹೆಂಡತಿ ತಲೆ ಹೊರಹಾಕಿದರು. "ರೀ, ದೋಣಿ ಬಂತಂತೆ. ಹೊರಡ್ತಾರಂತೆ. ನೀವೇನಾದ್ರೂ ಹೇಳ್ಬೇಕಾ? ಬೇಗ ಬನ್ನಿ!"

ಚೊಂಬು ಕೆಳಗಿಟ್ಟು ಹೋಗುವಷ್ಟರಲ್ಲಿ ಬಟ್ಟೆ ಒಣಗಿ ಮಾತು ಕಡಿದುಹೋದೀತು. ಮಾಮ ಮುಖದ ನೀರನ್ನು ತೋಳಿನಿಂದ ಒರೆಸಿಕೊಂಡರು.

"ಮೂರು ವರ್ಷದಿಂದ ಅವರು ಹೇಳಿದ್ದೆಲ್ಲಾ ಇಲ್ಲಿ ಕೇಳಿಸ್ತು ಅಂತ ಹೇಳು" ಎಂದು, ಇನ್ನೊಂದು ಚೊಂಬು ನೀರನ್ನು ತಂತಿಯ ಮೇಲಕ್ಕೆ ಎಸೆದರು.